ಹೊಸ್ತಿಲ ಕಚ್ಚು

ಆ ಊರಿಗೆ ಒಂದು ಹೆಸರಿತ್ತು. ಆದರೆ ಹೆಸರು ಕೇಳಿದವರ ಮೇಲೆ ಅಲ್ಲಿನ ಜನಕ್ಕೆ ಅನುಮಾನ ಬರುತ್ತಿತ್ತು, ಇವನು ಯಾಕೆ ಕೇಳುತ್ತಿದ್ದಾನೆ ಅಂತ. ಹಾಗಾಗಿ ನಾವೂ ಕೇಳದೆ ಒಳಗೆ ಹೋಗೋಣ.

ಊರಿನ ಪ್ರತಿ ಮನೆಗೂ ಒಂದು ಮುಂಬಾಗಿಲು, ಪ್ರತಿ ಮುಂಬಾಗಿಲಿಗೂ ಒಂದು ಮರದ ಹೊಸ್ತಿಲು. ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಅರಿಸಿನ ಬಳಿಯುವುದು, ಕುಂಕುಮ ಇಡುವುದು ಬೇರೆ ಊರುಗಳ ಹಾಗೆ ಅಲ್ಲಿಯೂ ಇತ್ತು. ಬೇರೆ ಊರಲ್ಲಿ ಇಲ್ಲದ ಕಟ್ಟಳೆ ಒಂದಿತ್ತು. ಯಾರ ಮೇಲಾದರೂ ದೂರು ಬಂದರೆ ಕಾವಲಿನವನು ಆ ಮನೆಗೆ ಬರುತ್ತಿದ್ದ. ಬಂದವನು ಮಾತಾಡುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಸೊಂಟದಿಂದ ಉಳಿ ತೆಗೆದು, ಹೊಸ್ತಿಲ ಮೇಲೆ ಬೆರಳ ದಪ್ಪದ ಒಂದು ಕಚ್ಚು ಹಾಕುತ್ತಿದ್ದ. ವಿಚಾರಣೆ ಏನಿದ್ದರೂ ಆಮೇಲೆ. ಕೊಲೆ ಮಾಡಿದವನ ಹೊಸ್ತಿಲಿಗೂ ಅದೇ ಕಚ್ಚು, ಪಕ್ಕದ ಮನೆಯ ಕೋಳಿಗೆ ಕಲ್ಲು ಬೀಸಿದವನ ಹೊಸ್ತಿಲಿಗೂ ಅದೇ ಕಚ್ಚು, ಏನೂ ಮಾಡದೆ ಬರೀ ಯಾರದೋ ಬಾಯಿಗೆ ಹೆಸರು ಸಿಕ್ಕಿಬಿದ್ದವನ ಹೊಸ್ತಿಲಿಗೂ ಅದೇ ಕಚ್ಚು. ಉಳಿಗೆ ಈ ವ್ಯತ್ಯಾಸವೆಲ್ಲ ಗೊತ್ತಾಗುವುದಿಲ್ಲವಲ್ಲ. ವಿಚಾರಣೆ ಮುಗಿದು, ಏನೂ ಇಲ್ಲ ಹೋಗು ಅಂತ ಕಳಿಸಿದ ಮೇಲೂ ಕಚ್ಚು ಅಲ್ಲೇ ಇರುತ್ತಿತ್ತು.

ಹೀಗಾಗಿ ಅಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಕ್ಕೆ ಒಂದು ಪದ್ಧತಿ ಬೆಳೆಯಿತು. ಕಾಲು ತೊಳೆಯಬೇಕು. ಬಲಗಾಲಿನ ಹೆಬ್ಬೆರಳನ್ನು ಹೊಸ್ತಿಲ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಎಳೆಯಬೇಕು. ಕಚ್ಚೆಷ್ಟು ಅಂತ ಕಾಲಿಗೆ ಗೊತ್ತಾದ ಮೇಲೆ ತಲೆ ಎತ್ತಿ ‘ಚೆನ್ನಾಗಿದ್ದೀರಾ’ ಅನ್ನಬೇಕು. ಹೆಣ್ಣು ನೋಡಲು ಬಂದವರು, ಕೆಲಸಕ್ಕೆ ಕರೆಯಲು ಬಂದವರು, ಹೊರಗಿನ ಕೋಣೆ ಬಾಡಿಗೆಗೆ ಕೇಳಲು ಬಂದವರು, ಸತ್ತವರನ್ನು ಕಂಡು ಅಳಲು ಬಂದವರು, ಎಲ್ಲರದೂ ಒಂದೇ ಕ್ರಮ. ಮೊದಲು ಹೆಬ್ಬೆರಳು, ಆಮೇಲೆ ಮಾತು.

ಜನ ಸುಮ್ಮನಿರುತ್ತಾರೆಯೇ? ಕಚ್ಚಿಗೆ ಅರಗು ಕಾಯಿಸಿ ತುಂಬಿದರು, ಮರದ ಪುಡಿ ಮೆತ್ತಿದರು, ಮೇಲೆ ಎಣ್ಣೆ ಬಳಿದು ಮಿರಮಿರ ಮಿಂಚಿಸಿದರು. ಹೀಗೆ ತುಂಬುತ್ತಾರೆ ಅನ್ನುವುದು ಬೇಗನೆ ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ಕಚ್ಚಿರುವ ಮನೆಯ ಮೇಲೆ ಒಂದು ಅನುಮಾನವಾದರೆ ಕಚ್ಚಿಲ್ಲದ ಮನೆಯ ಮೇಲೆ ಎರಡು ಅನುಮಾನ. ಊಟಕ್ಕೆ ಕೂತವರು ಎಲೆ ನೋಡುವುದಕ್ಕಿಂತ ಹೆಚ್ಚಾಗಿ ಪಕ್ಕದವನ ಮುಖ ನೋಡುತ್ತಿದ್ದರು.

ಈ ಊರಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅರ್ಧ ಊರನ್ನು ಹೊರಗೆ ತಂದದ್ದು ಅವಳ ಕೈ. ಹನ್ನೊಂದು ವರ್ಷದ ಹಿಂದೆ ಅವಳು ಹೆರಿಗೆ ಮಾಡಿಸಿದ ಒಂದು ಮನೆಯಲ್ಲಿ ಕೂಸಿನ ಬೆಳ್ಳಿಯ ಉಡಿದಾರ ಕಾಣೆಯಾಯಿತು. ಮನೆಗೆ ಬಂದು ಹೋದ ಹೊರಗಿನವಳು ಇವಳೊಬ್ಬಳೇ. ಕಾವಲಿನವನು ಬಂದ, ಕೂತ, ಕಚ್ಚು ಹಾಕಿದ. ಆಮೇಲೆ ಒಳಗೆ ನುಗ್ಗಿ ಅಕ್ಕಿಯ ಗಡಿಗೆ, ಹಾಸಿಗೆ, ಗಂಡನ ಕಾಲದ ಪೆಟ್ಟಿಗೆ ಎಲ್ಲವನ್ನೂ ಅಂಗಳಕ್ಕೆ ಸುರಿದ. ಮೂರು ದಿನ ಅವಳನ್ನು ಕಾವಲುಕಟ್ಟೆಯಲ್ಲಿ ಕೂರಿಸಿದರು. ನಾಲ್ಕನೆಯ ದಿನ "ಹೋಗಮ್ಮ" ಅಂದರು. ಯಾಕೆ ಕರೆತಂದಿರಿ ಎಂದು ಅವಳು ಕೇಳಲಿಲ್ಲ, ಯಾಕೆ ಬಿಡುತ್ತಿದ್ದೇವೆ ಎಂದು ಅವರೂ ಹೇಳಲಿಲ್ಲ.

ಮನೆಗೆ ಬಂದಾಗ ಹೊಸ್ತಿಲ ಮೇಲೆ ಕಚ್ಚು ಇತ್ತು. ಅವಳು ಅದಕ್ಕೆ ಅರಗು ತುಂಬಲಿಲ್ಲ. ತುಂಬಿದರೆ ನಾನೇ ಒಪ್ಪಿಕೊಂಡ ಹಾಗೆ ಅನ್ನುವುದು ಅವಳ ಲೆಕ್ಕ. ದಿನಾ ಬೆಳಿಗ್ಗೆ ಅರಿಸಿನ ಬಳಿಯುವಾಗ ಅವಳ ಬೆರಳು ಅಲ್ಲಿ ಒಂದು ಸಲ ತಗ್ಗಿ ಮೇಲೇಳುತ್ತಿತ್ತು. ಊರಿಗೆ ಅವಳ ಕೈ ಬೇಕಿತ್ತು, ಆದ್ದರಿಂದ ಕರೆಯುವುದನ್ನು ಬಿಡಲಿಲ್ಲ. ಹಿತ್ತಲ ಬಾಗಿಲಿಂದ ಕರೆಯುತ್ತಿದ್ದರು ಅಷ್ಟೆ. ಅವಳು ಬರುವ ಮೊದಲು ಪೆಟ್ಟಿಗೆಗಳಿಗೆ ಬೀಗ ಬೀಳುತ್ತಿತ್ತು. ನೋವು ತಿನ್ನುವ ಹೆಂಗಸಿನ ಕೈಬಳೆಗಳನ್ನೂ ಯಾರೋ ಮೆಲ್ಲಗೆ ಕಳಚಿ ಒಯ್ಯುತ್ತಿದ್ದರು. ಇದನ್ನೆಲ್ಲ ಅವಳು ನೋಡಿಯೂ ನೋಡದ ಹಾಗೆ ಎಣ್ಣೆ ಬಿಸಿ ಮಾಡುತ್ತಿದ್ದಳು.

ಅವಳಿಗೊಬ್ಬ ಮಗಳು. ಮದುವೆಯನ್ನು ಸೋದರಮಾವನ ಮನೆಯಲ್ಲಿ ಮಾಡಿ ಮುಗಿಸಿದ್ದರು, ಆ ಮನೆಯ ಹೊಸ್ತಿಲು ಸಪಾಟಾಗಿತ್ತು. ಗಂಡಿನ ಕಡೆಯವರಿಗೆ ತಾಯಿ ಮನೆಯ ಕಚ್ಚಿನ ವಿಷಯ ತಿಳಿದದ್ದು ಆಮೇಲೆ. ಈಗ ಮಗಳಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕಲ್ಲ ಅಂತ ಸೂಲಗಿತ್ತಿ ಮಡಿಲಕ್ಕಿ ಕಟ್ಟಿಕೊಂಡು ಬೀಗಿತ್ತಿಯ ಮನೆಗೆ ಹೋದಳು.

ಮಗಳು ಗೋಡೆಗೆ ಒರಗಿ ಕೂತಿದ್ದಳು. "ಅವ್ವ, ಎರಡೂ ಪಕ್ಕೆ ಒತ್ತುತ್ತೆ ಕಣವ್ವ. ಆ ಕಡೆ ತಲೆ ಇದ್ದ ಹಾಗೆ, ಈ ಕಡೆ ಕಾಲಿದ್ದ ಹಾಗೆ" ಅಂದಳು.

ಸೂಲಗಿತ್ತಿ ಸೆರಗಿನ ಮರೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಕೈಯಿಟ್ಟ ಕೂಡಲೇ ಗೊತ್ತಾಯಿತು. ಮಗು ಅಡ್ಡ ಮಲಗಿತ್ತು. ಈಗಲೇ ಎಣ್ಣೆ ಹಾಕಿ ನೀವಿ ನೀವಿ ತಿರುಗಿಸಿದರೆ ತಿರುಗುತ್ತದೆ. ಇನ್ನೊಂದು ಹದಿನೈದು ದಿನ ಬಿಟ್ಟರೆ ಆಗುವುದಿಲ್ಲ. ಅಡ್ಡಗೂಸಿನ ಹೆರಿಗೆಗಳಲ್ಲಿ ತಾಯಿ ಮಗು ಇಬ್ಬರೂ ಉಳಿದದ್ದನ್ನು ಅವಳು ತನ್ನ ಜನ್ಮದಲ್ಲಿ ಎರಡೇ ಸಲ ಕಂಡಿದ್ದಳು.

"ಬೀಗ್ರೇ, ಇವಳನ್ನ ಇವತ್ತೇ ಕರಕೊಂಡು ಹೋಗ್ತೀನಿ. ಮಗು ಅಡ್ಡ ಇದೆ" ಅಂದಳು.

ಬೀಗಿತ್ತಿ ತಾಂಬೂಲದ ತಟ್ಟೆ ತಂದು ಮುಂದಿಟ್ಟಳು, ಆದರೆ ಕೂರಲಿಲ್ಲ. "ನೀವು ಹಾಗೆ ಅಂತೀರಿ. ಕರಕೊಂಡು ಹೋಗೋಕೆ ಏನಾದರೂ ಹೇಳಬೇಕಲ್ಲ. ಕಚ್ಚಿರೋ ಹೊಸ್ತಿಲ ಒಳಗೆ ಹುಟ್ಟಿದ ಮಗುಗೆ ಆ ಕಚ್ಚು ತಗಲತ್ತೆ ಬೀಗ್ರೇ. ನಮ್ಮ ವಂಶಕ್ಕೆ ಅದು ಬೇಡ. ಇನ್ನೊಬ್ಬ ಸೂಲಗಿತ್ತಿ ಗೊತ್ತು ಮಾಡಿದ್ದೀವಿ."

"ಆಕೆ ಎಳೀತಾಳೆ, ತಿರುಗಿಸೋದು ಆಕೆಗೆ ಬರಲ್ಲ. ಹೋಗಲಿ, ನಾನೇ ಇಲ್ಲಿಗೆ ಬಂದು ನೀವಿ ಹೋಗ್ತೀನಿ, ದಿನಾ."

"ಹೊಟ್ಟೆ ಮುಟ್ಟಿ ಏನು ಮಾಡ್ತೀರೋ ನಮಗೇನು ಗೊತ್ತು" ಅಂದಳು ಬೀಗಿತ್ತಿ. ದನಿಯಲ್ಲಿ ಕೆಡುಕು ಇರಲಿಲ್ಲ, ಎಲ್ಲರೂ ಎಲ್ಲರಿಗೂ ಅನ್ನುವ ಮಾತನ್ನೇ ಅಂದಳು. "ಕಚ್ಚಿಲ್ಲದ ಹೊಸ್ತಿಲಾದರೆ ನಾನೇ ಬಂದು ಬಿಟ್ಟು ಹೋಗ್ತೀನಿ. ಹೆಬ್ಬೆರಳು ಇಟ್ಟು ನೋಡ್ತೀನಿ. ಅರಗು ತುಂಬಿದ್ದರೆ ನನಗೆ ಗೊತ್ತಾಗುತ್ತೆ."

ಸೂಲಗಿತ್ತಿ ಮನೆಗೆ ಹೋಗಲಿಲ್ಲ. ನಡುಪೇಟೆಯ ಕಡೆ ನಡೆದಳು. ಅಲ್ಲಿ ಕಟ್ಟಳೆ ಮನೆ ಇತ್ತು. ಊರಿನ ಕಟ್ಟಳೆಗಳೆಲ್ಲ ಅಲ್ಲಿ ಓಲೆಯ ಕಟ್ಟುಗಳಲ್ಲಿ ಬರೆದಿವೆ, ಯಾರು ಬಂದು ಕೇಳಿದರೂ ಓದಿ ಹೇಳುತ್ತಾರೆ ಅಂತ ಅವಳು ಚಿಕ್ಕವಳಿದ್ದಾಗ ಯಾರೋ ಹೇಳಿದ್ದರು. ಆದರೆ ಯಾರೂ ಹೋಗುತ್ತಿರಲಿಲ್ಲ. ಕಟ್ಟಳೆ ಏನು ಅಂತ ಕೇಳುವವನು ಅದನ್ನು ಮುರಿದಿರಬೇಕು, ಇಲ್ಲವೇ ಮುರಿಯುವವನಿರಬೇಕು. ಸಾಚಾ ಮನುಷ್ಯನಿಗೆ ಕಟ್ಟಳೆಯ ಗೊಡವೆ ಯಾಕೆ ಅನ್ನುವುದು ಅಲ್ಲಿನವರ ತಿಳುವಳಿಕೆ. ಜನ ಆ ಮನೆಯ ಮುಂದೆ ಹಾಯುವಾಗ ಮುಖ ಬೇರೆ ಕಡೆ ತಿರುಗಿಸಿ ಬಿರಬಿರನೆ ನಡೆಯುತ್ತಿದ್ದರು.

ಸೂಲಗಿತ್ತಿ ಬಾಗಿಲಿಗೆ ಬಂದು ಅಭ್ಯಾಸದಂತೆ ಹೆಬ್ಬೆರಳು ಚಾಚಿದಳು. ಅಲ್ಲಿ ಹೊಸ್ತಿಲೇ ಇರಲಿಲ್ಲ, ಬೀದಿಯ ಮಣ್ಣು ಹಾಗೇ ಒಳಗೆ ಹೋಗಿತ್ತು. ಕಾಲು ಎಲ್ಲಿ ಇಡಬೇಕೋ ತಿಳಿಯದೆ ಅವಳು ಮುಗ್ಗರಿಸಿದಳು.

ಒಳಗೆ ಆ ಓಲೆಗಳನ್ನು ಕಾಯುವ ಓಲೆಗಾರ ಕೂತಿದ್ದ. ವಯಸ್ಸಾದವನು. ಎದುರಿಗೆ ಬಂದವರು ಕೂರಲೆಂದು ಒಂದು ಚಾಪೆ ಹಾಸಿದ್ದ, ಅದರ ಮೇಲೆ ಒಂದು ಮಡಿಕೆಯೂ ಬಿದ್ದಿರಲಿಲ್ಲ.

"ಯಾರು ಕಳಿಸಿದ್ದು?" ಅಂದ.

"ಯಾರೂ ಕಳಿಸಿಲ್ಲ."

"ಕಾವಲಿನವರಾ? ನಾನಿನ್ನೂ ಕೂತಿದ್ದೀನೋ ಇಲ್ಲವೋ ನೋಡಿ ಬಾ ಅಂದರಾ?"

"ನಾನೇ ಬಂದೆ ಅಂದೆನಲ್ಲ ಸ್ವಾಮಿ."

"ಈ ಊರಲ್ಲಿ ತಾನಾಗೇ ಯಾರು ಬರ್ತಾರೆ?" ಅಂದ ಓಲೆಗಾರ. ಅವಳ ಕೈ ನೋಡಿದ, ಕಾಲು ನೋಡಿದ, ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೋ ಅಂತ ಕತ್ತು ಉದ್ದ ಮಾಡಿ ನೋಡಿದ. ಆಮೇಲೆ ಏನು ಬೇಕು ಅಂತ ಕೇಳಿದ. ಅವಳು ಹೊಸ್ತಿಲಿನ ಕಥೆ ಹೇಳಿದಳು. ಮಗಳ ಹೊಟ್ಟೆಯ ವಿಷಯವನ್ನೂ ಹೇಳಿದಳು.

ಓಲೆಗಾರ ಎದ್ದು, ಮೇಲಿನ ಅಟ್ಟಣೆಯಿಂದ ಒಂದು ಕಟ್ಟು ಇಳಿಸಿ, ದೂಳು ಕೊಡವಿ ಓದಿದ. ಓದುವಾಗ ಅವನ ದನಿ ಬೇರೆಯಾಯಿತು.

"ದೂರು ಬಂದ ಮನೆಯ ಹೊಸ್ತಿಲಿಗೆ ಕಚ್ಚು ಹಾಕತಕ್ಕದ್ದು. ದೂರು ಸಾಬೀತಾಗದಿದ್ದರೆ, ಮನೆಯವರು ಕೇಳಿದಾಗ ಕಚ್ಚನ್ನು ತೆಗೆಯತಕ್ಕದ್ದು. ಕೇಳುವವರು ಹಗಲು ಹೊತ್ತಿನಲ್ಲಿ ತಮ್ಮ ಹೊಸ್ತಿಲ ಮೇಲೆ ನಿಂತು ಗಟ್ಟಿಯಾಗಿ ಕೇಳತಕ್ಕದ್ದು. ಮೂರು ದಿನದೊಳಗೆ ಯಾರಾದರೂ ಮೂರು ಜನ ಎದುರಿಗೆ ನಿಂತು ‘ಕೇಳಿಸಿಕೊಂಡೆ’ ಅನ್ನತಕ್ಕದ್ದು. ಅಂದ ಮೇಲೆ, ಕಚ್ಚು ಹಾಕಿದವನೇ ಉಜ್ಜುಗೊರಡು ಹಿಡಿದು ಅದನ್ನು ಸಮ ಮಾಡತಕ್ಕದ್ದು. ಮೂರು ಜನ ಬಾರದಿದ್ದರೆ ಒಂದು ವರ್ಷ ಮತ್ತೆ ಕೇಳತಕ್ಕದ್ದಲ್ಲ."

ಸೂಲಗಿತ್ತಿ ಓಲೆಯ ಕಡೆ ಬಗ್ಗಿದಳು. "ನನಗೆ ಬರೀ ‘ಹೋಗಮ್ಮ’ ಅಂದರು. ಅದು ಸಾಬೀತಾದ ಹಾಗೋ, ಆಗದ ಹಾಗೋ?"

"ಸಾಬೀತಾಗಿದ್ದರೆ ಹೋಗಮ್ಮ ಅಂತಿದ್ದರೇನಮ್ಮ?"

"ಹನ್ನೊಂದು ವರ್ಷ ಆಯಿತು. ಇದನ್ನ ಯಾರೂ ನನಗೆ ಹೇಳಲಿಲ್ಲವಲ್ಲ."

"ಕೇಳಿದವರಿಗೆ ಹೇಳತಕ್ಕದ್ದು ಅಂತ ಬರೆದಿದೆ. ಕೇಳದವರಿಗೆ ಹೇಳತಕ್ಕದ್ದು ಅಂತ ಬರೆದಿಲ್ಲ" ಅಂದ ಓಲೆಗಾರ. ಹೇಳುವಾಗ ಅವನು ನೆಲ ನೋಡಿದ.

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದ್ದಕ್ಕೆ ಇನ್ನಷ್ಟು ಬಂತು. ಚಾಪೆಯ ಮೇಲೆ ಗಟ್ಟಿಯಾಗಿ ಕೂತು, ಮಿಕ್ಕದ್ದನ್ನೂ ಓದು ಅಂದಳು. ಓಲೆಗಾರ ಓದುತ್ತ ಹೋದ. ಕಾವಲಿನವನು ಹೊಸ್ತಿಲು ದಾಟಿ ಒಳಗೆ ಬರಬೇಕಾದರೆ ನ್ಯಾಯದವರ ಗುರುತಿರುವ ಅಪ್ಪಣೆಯ ಎಲೆ ತೋರಿಸಬೇಕು. ಕಾವಲುಕಟ್ಟೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕು ಅಂತಿಲ್ಲ. ತನ್ನ ಕಡೆಯವರೊಬ್ಬರು ಪಕ್ಕದಲ್ಲಿರಲಿ ಅಂತ ಕೇಳಬಹುದು. ಯಾಕೆ ಕರೆತಂದಿರಿ ಅಂತ ಕೇಳಿದರೆ ಅವರು ಹೇಳಲೇಬೇಕು. ಒಂದೊಂದು ಸಾಲಿಗೂ ಅವಳಿಗೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಕಣ್ಣಮುಂದೆ ಬರುತ್ತಿತ್ತು.

"ಕಚ್ಚಿರೋ ಮನೇಲಿ ಹುಟ್ಟಿದ ಮಗುಗೆ ಕಚ್ಚು ತಗಲತ್ತೆ ಅಂತಾರಲ್ಲ. ಅದು ಎಲ್ಲಿದೆ?"

ಓಲೆಗಾರ ಹುಡುಕಿದ. ಮೂರು ಕಟ್ಟು ಬಿಚ್ಚಿ ಮತ್ತೆ ಕಟ್ಟಿದ. "ಇಲ್ಲಮ್ಮ. ಹಾಗೆ ಎಲ್ಲೂ ಬರೆದಿಲ್ಲ. ಅದು ಜನ ಆಡಿಕೊಂಡದ್ದು."

ದಾರಿಯುದ್ದಕ್ಕೂ ಅವಳಿಗೆ ಅನುಮಾನ ಕಾಡಿತು. ಇಷ್ಟು ಸಲೀಸಾಗಿ ಸಿಕ್ಕಿದ್ದರಲ್ಲಿ ಏನೋ ಮೋಸ ಇರಬೇಕು. ಕಚ್ಚಿರುವವರೆಲ್ಲ ತಾವಾಗೇ ಹೊರಗೆ ಬಂದು ನಿಲ್ಲಲಿ ಅಂತ ಹೂಡಿದ ಉಪಾಯ ಇದ್ದರೂ ಇರಬಹುದು. ಆ ಮುದುಕ ಓದಿದ್ದು ಓಲೆಯಲ್ಲಿ ಇತ್ತೋ ಇಲ್ಲವೋ, ತನಗಂತೂ ಓದು ಬರುವುದಿಲ್ಲ. ಅವಳೂ ಆ ಊರಿನವಳೇ ತಾನೇ. ಆದರೆ ಮಗಳ ಹೊಟ್ಟೆಯ ಮೇಲೆ ಇಟ್ಟ ಕೈಗೆ ಗೊತ್ತಾದದ್ದರಲ್ಲಿ ಅನುಮಾನವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಸೂಲಗಿತ್ತಿ ತಲೆಗೆ ನೀರು ಹಾಕಿಕೊಂಡು, ಹೊಸ್ತಿಲಿಗೆ ಅರಿಸಿನ ಬಳಿದು, ಅದರ ಮೇಲೆ ನಿಂತಳು. ಆ ಊರಲ್ಲಿ ಹೊಸ್ತಿಲ ಮೇಲೆ ನಿಲ್ಲುವವರನ್ನು ಯಾರೂ ಕಂಡಿರಲಿಲ್ಲ, ಎಲ್ಲರೂ ಬೇಗ ದಾಟಿಕೊಂಡು ಹೋಗುವವರೇ. ಅವಳು ಬೀದಿಗೆ ಕೇಳುವ ಹಾಗೆ ಕೂಗಿದಳು:

"ಹನ್ನೊಂದು ವರ್ಷದ ಹಿಂದೆ ಉಡಿದಾರ ಕದ್ದೆ ಅಂತ ನನ್ನ ಹೊಸ್ತಿಲಿಗೆ ಕಚ್ಚು ಹಾಕಿದರು. ಸಾಬೀತಾಗಲಿಲ್ಲ. ಈ ಕಚ್ಚು ತೆಗೀರಿ."

ಬೀದಿಯಲ್ಲಿ ಒಂದೊಂದೇ ಬಾಗಿಲು ಮುಚ್ಚಿತು. ಅವಳು ಮತ್ತೆ ಕೂಗಿದಳು. ನೀರಿಗೆ ಹೋಗುವ ಹೆಂಗಸರು ಕಿವಿಗೆ ಅರಳೆ ತುರುಕಿಕೊಂಡು ಹೋದರು. ಅವರಲ್ಲಿ ಹಲವರ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ್ದು ಇವಳೇ. ಒಬ್ಬಳ ಕಿವಿಯಿಂದ ಅರಳೆ ಜಾರಿ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳುವಾಗ ಸೂಲಗಿತ್ತಿಯ ಕಣ್ಣಿಗೆ ಕಣ್ಣು ಸಿಕ್ಕಿ, ಕೊಡವನ್ನು ಮುಖಕ್ಕೆ ಅಡ್ಡ ಹಿಡಿದು ಓಡಿದಳು. ಒಬ್ಬೊಬ್ಬರಿಗೂ, ‘ಕೇಳಿಸಿಕೊಂಡೆ’ ಅಂದರೆ ಊರು ತನ್ನ ಹೊಸ್ತಿಲನ್ನು ನೋಡುತ್ತದೆ ಅನ್ನುವ ಭಯ. ಮಧ್ಯಾಹ್ನ ಸೂಲಗಿತ್ತಿ ದಾರಿಹೋಕನೊಬ್ಬನ ಕೈಯಲ್ಲಿ ಬೀಗಿತ್ತಿಗೆ ಹೇಳಿ ಕಳಿಸಿದಳು: ಬಂದು ಒಂದು ಮಾತು ಕೇಳಿಸಿಕೊಂಡೆ ಅನ್ನಿ, ನಿಮ್ಮ ಮೊಮ್ಮಗುವಿಗೋಸ್ಕರ. ನಮಗೇನೂ ಕೇಳಿಸಲಿಲ್ಲ ಅಂತ ಹೇಳು ಅಂತ ಬೀಗಿತ್ತಿಯಿಂದ ಉತ್ತರ ಬಂತು. ಹೊತ್ತು ಮುಳುಗಿತು. ಮೊದಲನೆಯ ದಿನ ಯಾರೂ ಇಲ್ಲ.

ಎರಡನೆಯ ದಿನ ಕೂಗು ಕೇಳಿ ಕಾವಲಿನವನು ಬಂದ. ಹನ್ನೊಂದು ವರ್ಷದ ಹಿಂದೆ ಬಂದಿದ್ದವನೇ, ಈಗ ಮೀಸೆ ನರೆತಿತ್ತು. ಸೊಂಟದ ಉಳಿಯ ಮೇಲೆ ಕೈಯಿಟ್ಟು, "ಏನಮ್ಮ ಇದು ಗಲಾಟೆ? ಸುಮ್ಮನೆ ಒಳಗೆ ಹೋಗ್ತೀಯೋ, ಇನ್ನೊಂದು ಹಾಕಲೋ?" ಅಂದ. ಹಾಗೆ ಅಂದವನೇ ಹೊಸ್ತಿಲು ದಾಟಲು ಕಾಲೆತ್ತಿದ.

ಸೂಲಗಿತ್ತಿ ಹೊಸ್ತಿಲಿಂದ ಇಳಿಯಲಿಲ್ಲ. ಅಲ್ಲೇ ನಿಂತು ಕೇಳಿದಳು. "ಎಲೆ ತಂದಿದ್ದೀರಾ?"

"ಯಾವ ಎಲೆ?"

"ನ್ಯಾಯದವರ ಗುರುತಿರೋ ಎಲೆ. ಅದಿಲ್ಲದೆ ದಾಟೋ ಹಾಗಿಲ್ಲವಂತೆ."

ಕಾವಲಿನವನ ಕಾಲು ಗಾಳಿಯಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಕಾಲನ್ನು ಕೆಳಗಿಟ್ಟ, ಮೊದಲಿದ್ದ ಜಾಗದಲ್ಲೇ. "ಯಾರು ಹೇಳಿಕೊಟ್ಟರು ನಿನಗೆ?" ಅಂದ. ಅವಳು ಸುಮ್ಮನಿದ್ದಳು. ಉತ್ತರ ಕೊಡಲೇಬೇಕು ಅಂತಿಲ್ಲವಲ್ಲ. ಅವನು ಅವಳನ್ನೇ ದಿಟ್ಟಿಸಿ ನೋಡಿ, ಮೇಲಿನವರನ್ನು ಕೇಳಿ ಬರುತ್ತೇನೆ ಅಂತ ಹೊರಟುಹೋದ.

ಅವನು ಹೋದ ಮೇಲೆ ಗೋಡೆಯ ಮರೆಯಿಂದ ಓಲೆಗಾರ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. "ನೀನು ನಿಜವಾಗಿ ನಿಲ್ಲುತ್ತೀಯೋ, ನನ್ನನ್ನ ಸಿಕ್ಕಿಸೋಕೆ ಬಂದಿದ್ದೆಯೋ ನೋಡಬೇಕಿತ್ತು" ಅಂದ. ಆಮೇಲೆ ಎದುರಿಗೆ ನಿಂತು, ಅವಳಿಂದ ಇನ್ನೊಂದು ಸಲ ಕೂಗಿಸಿ, "ಕೇಳಿಸಿಕೊಂಡೆ" ಅಂದ. ಆ ಮಾತು ಆ ಊರಲ್ಲಿ ಹುಟ್ಟಿದ್ದು ಅದೇ ಮೊದಲು. ಮುಚ್ಚಿದ ಬಾಗಿಲುಗಳ ಹಿಂದೆ ಜನ ಉಸಿರು ಹಿಡಿದಿದ್ದರು. ಎರಡನೆಯ ದಿನವೂ ಹೊತ್ತು ಮುಳುಗಿತು.

ಮೂರನೆಯ ದಿನ ಅವಳ ದನಿ ಒಡೆದಿತ್ತು. ಉಡಿದಾರ ಕದ್ದೆ ಅಂತ ಕಚ್ಚು ಹಾಕಿದರು. ಸಾಬೀತಾಗಲಿಲ್ಲ. ಕಚ್ಚು ತೆಗೀರಿ. ಗಂಟಲಲ್ಲಿ ಎಷ್ಟು ಬರುತ್ತದೋ ಅಷ್ಟನ್ನು ಹೇಳುತ್ತಿದ್ದಳು. ಓಲೆಗಾರ ಜಗುಲಿಯಲ್ಲಿ ಕೂತು ಬೀದಿ ನೋಡುತ್ತಿದ್ದ. ಹೊತ್ತು ಇಳಿಮುಖವಾದಾಗ ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸು ಬೀದಿಯ ಅಂಚಿಗೇ ಬಂದು ಎದುರಿಗೆ ನಿಂತಳು. ಸೆರಗು ಸರಿಸಿದಾಗ ಸೂಲಗಿತ್ತಿಗೆ ಗುರುತು ಸಿಕ್ಕಿತು. ಉಡಿದಾರದ ಮನೆಯಾಕೆ.

"ಅದು ತೊಟ್ಟಿಲ ಬಟ್ಟೆಯ ಮಡಿಕೇಲಿ ಸಿಕ್ಕಿತು. ಮೂರನೇ ದಿನವೇ ಸಿಕ್ಕಿತು" ಅಂದಳು ಆಕೆ. "ಕಾವಲಿನವರಿಗೆ ಹೇಳಿದೆ. ಊರಿಗೆ ಹೇಳಲಿಲ್ಲ. ಸುಳ್ಳು ದೂರು ಕೊಟ್ಟಳು ಅಂತ ನಮ್ಮ ಹೊಸ್ತಿಲಿಗೆ ಬರ್ತಾರೆ ಅಂತ ಹೆದರಿದೆ."

"ನನ್ನ ಮುಂದೆಯಾದರೂ ಹೇಳಬಹುದಿತ್ತು" ಅಂದಳು ಸೂಲಗಿತ್ತಿ.

"ಹೇಳಬಹುದಿತ್ತು." ಆಕೆ ಅಳುತ್ತಿದ್ದಳು. "ಕೇಳಿಸಿಕೊಂಡೆ ಅಮ್ಮ. ಇವತ್ತಲ್ಲ, ಅವತ್ತೇ ಕೇಳಿಸಿಕೊಂಡಿದ್ದೆ."

ಎರಡಾಯಿತು. ನೆರಳು ಬೀದಿಯ ಆ ದಡ ಮುಟ್ಟುತ್ತಿತ್ತು. ಆಗ ಕಾವಲಿನವನು ತಿರುಗಿ ಬಂದ. ಮೇಲಿನವರನ್ನು ಕೇಳಿದರೆ ಅವರು ಅವರ ಮೇಲಿನವರನ್ನು ಕೇಳುತ್ತೇವೆ ಅಂದಿದ್ದರು. ಎಲೆ ಸಿಕ್ಕಿರಲಿಲ್ಲ. ಅವನ ಮುಖದ ತುಂಬ ಅನುಮಾನ ಇತ್ತು. ಈ ಮೂವರು ಸೇರಿ ಏನೋ ಒಳಸಂಚು ನಡೆಸಿದ್ದಾರೆ ಅನ್ನುವ ಹಾಗೆ ಒಬ್ಬೊಬ್ಬರನ್ನೇ ನೋಡಿದ.

ಓಲೆಗಾರ ಎದ್ದು ನಿಂತ. "ಅಪ್ಪಾ, ಈಕೆ ಮೂರು ದಿನದಿಂದ ಕೂಗಿದ್ದು ನಿನಗೆ ಕೇಳಿಸಿತೋ ಇಲ್ಲವೋ?"

"ಅದಕ್ಕೂ ನನಗೂ ಏನು ಸಂಬಂಧ?"

"ಯಾರಾದರೂ ಮೂರು ಜನ ಅಂತ ಬರೆದಿದೆ. ಕಾವಲಿನವನು ಬೇಡ ಅಂತ ಬರೆದಿಲ್ಲ. ಕೇಳಿಸಲಿಲ್ಲ ಅಂದರೆ ಅನ್ನು. ಬೀದಿಯಲ್ಲಿ ಮೂರು ದಿನ ಕೂಗಿದ್ದು ಕಾವಲಿನವನಿಗೆ ಕೇಳಿಸಲಿಲ್ಲ ಅಂತ ನಾನು ಬರೆದಿಡ್ತೀನಿ."

ಕಾವಲಿನವನು ಬೀದಿಯ ಮೇಲೂ ಕೆಳಗೂ ನೋಡಿದ. ಬಾಗಿಲುಗಳ ಸಂದಿಯಲ್ಲಿ ಕಣ್ಣುಗಳಿದ್ದವು. ಕೂಗು ಕೇಳಿಸದ ಕಾವಲಿನವನನ್ನು ಯಾರು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ? ಅವನು ಹಲ್ಲು ಕಚ್ಚಿ ಹಿಡಿದು, ನೆಲದ ಕಡೆ ನೋಡುತ್ತ, "ಕೇಳಿಸಿಕೊಂಡೆ" ಅಂದ.

"ಹಾಗಾದರೆ ತೆಗಿ" ಅಂದ ಓಲೆಗಾರ.

ಕಾವಲಿನವನು ಸೊಂಟ ಮುಟ್ಟಿ ನೋಡಿಕೊಂಡ. ಅಲ್ಲಿ ಉಳಿ ಇತ್ತು. ಕೆಲಸಕ್ಕೆ ಸೇರಿದ ದಿನ ಅವನಿಗೆ ಉಳಿ ಕೊಟ್ಟಿದ್ದರು, ಅವನಿಗಿಂತ ಮೊದಲಿನವರಿಗೂ ಉಳಿಯನ್ನೇ ಕೊಟ್ಟಿದ್ದರು. ಉಜ್ಜುಗೊರಡು ಯಾರಿಗೂ ಕೊಟ್ಟಿರಲಿಲ್ಲ. ಕೊನೆಗೆ ಉಡಿದಾರದ ಮನೆಯಾಕೆಯೇ ಓಡಿ ಬಡಗಿಯ ಮನೆಯಿಂದ ಒಂದನ್ನು ತಂದಳು. ಕಾವಲಿನವನಿಗೆ ಅದನ್ನು ಹಿಡಿಯಲು ಬರುತ್ತಿರಲಿಲ್ಲ. ತಿರುವು ಮುರುವು ಹಿಡಿದ, ಮರ ಕಿತ್ತುಬಂತು, ಬೈದುಕೊಂಡ, ಮತ್ತೆ ಉಜ್ಜಿದ. ಸಿಪ್ಪೆ ಸುರುಳಿ ಸುರುಳಿಯಾಗಿ ಅವನ ಮೊಣಕಾಲ ಸುತ್ತ ಬಿತ್ತು. ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮೊದಲು ಕಚ್ಚು ಹೋಯಿತು. ಅದು ಇದ್ದ ಜಾಗದಲ್ಲಿ ಹಳೆಯ ಕಪ್ಪು ಮರದ ನಡುವೆ ಅಂಗೈ ಅಗಲದ ಬಿಳಿಯ ತಗ್ಗು ಉಳಿಯಿತು.

ಸೂಲಗಿತ್ತಿ ಅದನ್ನು ಮುಟ್ಟಿ ನೋಡಿದಳು. ಸಂತೋಷವಾಗಬೇಕಿತ್ತು. ಆದರೆ ಬಿಳಿಯದು ಕಚ್ಚಿಗಿಂತ ದೂರಕ್ಕೆ ಕಾಣುತ್ತಿತ್ತು. ಆಗಲೇ ಎದುರು ಮನೆಯ ಕಿಟಕಿ ತೆರೆದು ಯಾರೋ ಯಾರಿಗೋ, ಅಲ್ಲಿ ಏನೋ ಇತ್ತು ನೋಡು, ಕೆರೆದಿದ್ದಾರೆ ಅಂತ ಹೇಳುವುದು ಕೇಳಿಸಿತು.

ಮಾರನೆಯ ಬೆಳಿಗ್ಗೆ ಬೀಗಿತ್ತಿ ಬಂದಳು. ಸುದ್ದಿ ಅವಳಿಗೆ ತಲುಪಿತ್ತು. ಹಿಂದೆ ಮಗಳು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆಗಂಟು. ಬೀಗಿತ್ತಿ ಕಾಲು ತೊಳೆದಳು. ಹೆಬ್ಬೆರಳನ್ನು ಹೊಸ್ತಿಲ ಮೇಲೆ ಎಡದಿಂದ ಎಳೆದಳು. ನಡುವೆ ಬಂದಾಗ ಬೆರಳು ತಗ್ಗಿತು, ನುಣ್ಣಗೆ ಜಾರಿತು, ಮೇಲೆದ್ದಿತು. ಅವಳು ಬಗ್ಗಿ ಕಣ್ಣಿಂದಲೂ ನೋಡಿದಳು.

"ಇಲ್ಲಿ ಏನೋ ಇತ್ತು" ಅಂದಳು.

ಮಗಳು ತಾಯಿಯ ಮುಖ ನೋಡಿದಳು. ಸೂಲಗಿತ್ತಿ ಏನೂ ಇರಲಿಲ್ಲ ಅನ್ನಬಹುದಿತ್ತು, ಮರಕ್ಕೆ ಹುಳ ಹಿಡಿದಿತ್ತು ಅನ್ನಬಹುದಿತ್ತು, ಆ ಊರಲ್ಲಿ ಇನ್ಯಾರೇ ಆದರೂ ಹಾಗೇ ಅನ್ನುತ್ತಿದ್ದರು. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಅವಳಿಗೆ ಸಾಕಾಗಿತ್ತು.

"ಇತ್ತು ಬೀಗ್ರೇ. ಕಚ್ಚಿತ್ತು. ಕಳ್ಳಿ ಅಂದರು, ಸಾಬೀತಾಗಲಿಲ್ಲ. ಕೇಳಿ ತೆಗೆಸಿದೆ. ಮಗುಗೆ ಕಚ್ಚು ತಗಲತ್ತೆ ಅನ್ನೋದು ಓಲೆಯಲ್ಲಿ ಎಲ್ಲೂ ಇಲ್ಲ, ಅದನ್ನೂ ಓದಿಸಿದೆ. ಈಗ ನೀವು ಇಲ್ಲೇ ನಿಂತು ಯೋಚನೆ ಮಾಡಿದಷ್ಟು ಹೊತ್ತು ಆ ಮಗು ಅಡ್ಡವೇ ಇರುತ್ತೆ."

ಬೀಗಿತ್ತಿ ಇನ್ನೇನಾದರೂ ಅನ್ನುವ ಮೊದಲೇ ಮಗಳು ಹೊಸ್ತಿಲು ದಾಟಿ ಒಳಗೆ ಬಂದು ಚಾಪೆಯ ಮೇಲೆ ಕೂತುಬಿಟ್ಟಳು. ಬೀಗಿತ್ತಿ ಹಿಂದೆಯೇ ಬಂದಳು, ಕಾವಲಿಗೆ ಬಂದವಳ ಹಾಗೆ ಗೋಡೆಗೆ ಒತ್ತಿ ಕೂತು ಸೂಲಗಿತ್ತಿಯ ಕೈಗಳನ್ನೇ ನೋಡತೊಡಗಿದಳು.

ಸೂಲಗಿತ್ತಿ ಎಣ್ಣೆ ಬೆಚ್ಚಗೆ ಮಾಡಿ ಮಗಳನ್ನು ಮಲಗಿಸಿದಳು. ಒಂದು ಅಂಗೈ ಎಡಪಕ್ಕೆಯ ಹತ್ತಿರ, ಮಗುವಿನ ತಲೆಯ ಮೇಲೆ. ಇನ್ನೊಂದು ಬಲಕ್ಕೆ. ತಳ್ಳಲಿಲ್ಲ, ನೀವಿದಳು. ಮಗಳು ಉಸಿರು ಬಿಟ್ಟಾಗ ಸ್ವಲ್ಪ, ಬಿಗಿದಾಗ ನಿಲ್ಲಿಸಿ, ಮತ್ತೆ ಸ್ವಲ್ಪ. ಮಧ್ಯಾಹ್ನ ಆಯಿತು. ಯಾರೂ ಉಣ್ಣಲಿಲ್ಲ. ಇಳಿಹೊತ್ತಿನಲ್ಲಿ ಅಂಗೈ ಕೆಳಗೆ ಗುಂಡಗಿನದು ಒಂದು ಮೆಲ್ಲಗೆ ಸರಿದು ಕೆಳಗಿಳಿಯಿತು. "ಅವ್ವ, ಪಕ್ಕೆ ಹಗುರಾಯ್ತು" ಅಂದಳು ಮಗಳು. ಸೂಲಗಿತ್ತಿ ಬಟ್ಟೆ ಮಡಿಸಿ ಹೊಟ್ಟೆಯ ಎರಡು ಬದಿಗೂ ಇಟ್ಟು ಕಟ್ಟಿದಳು. ಕಟ್ಟಿದ ಮೇಲೆ ಅವಳಿಗೆ ಅಳು ಬಂತು. ಸಾಕಾಗುವಷ್ಟು ಅತ್ತಳು.

ಬೀಗಿತ್ತಿ ಹೊರಡಲು ಎದ್ದಳು. ಸೊಸೆಯನ್ನು ಕರೆಯಲಿಲ್ಲ. ಬಾಗಿಲವರೆಗೆ ಹೋಗಿ ನಿಂತಳು, ಬೀದಿಯಲ್ಲಿ ಯಾರೂ ಇಲ್ಲ ಅಂತ ಎರಡೂ ಕಡೆ ನೋಡಿದಳು, ಕೈಸನ್ನೆ ಮಾಡಿ ಸೂಲಗಿತ್ತಿಯನ್ನು ಹತ್ತಿರ ಕರೆದಳು.

"ಆ ಮುದುಕ ಎಲ್ಲರಿಗೂ ಓದಿ ಹೇಳ್ತಾನಾ?" ಅಂದಳು ದನಿ ಇಳಿಸಿ.

"ಕೇಳಿದವರಿಗೆಲ್ಲ."

"ಒಂದಕ್ಕಿಂತ ಹೆಚ್ಚಿದ್ದರೆ? ಎಲ್ಲಾನೂ ಒಟ್ಟಿಗೆ ಕೇಳಬಹುದಾ?"

ಸೂಲಗಿತ್ತಿ ಅವಳ ಮುಖ ನೋಡಿದಳು. "ನಿಮ್ಮನೇಲಿ ಎಷ್ಟಿವೆ ಬೀಗ್ರೇ?"

"ಮೂರು." ಬೀಗಿತ್ತಿ ಮತ್ತೊಮ್ಮೆ ಬೀದಿ ನೋಡಿದಳು. "ಅರಗು ತುಂಬಿಸಿದ್ದೀವಿ. ನಮ್ಮ ಯಜಮಾನರು ಏನೂ ಮಾಡಿರಲಿಲ್ಲ ಬೀಗ್ರೇ. ಮೂರು ಸಲಾನೂ ಹೋಗಯ್ಯ ಅಂತ ಕಳಿಸಿದರು. ನಿಂತು ಕೂಗಿಬಿಡ್ತೀನಿ ನಾನು, ಕೂಗೋಕೆ ನನಗೇನೂ ಭಯ ಇಲ್ಲ. ಆದರೆ ಈ ಊರಲ್ಲಿ ನನ್ನೆದುರಿಗೆ ಬಂದು ಕೇಳಿಸಿಕೊಂಡೆ ಅನ್ನೋರು ಯಾರಿದ್ದಾರೆ?"

ಸೂಲಗಿತ್ತಿಗೆ ಮೊದಲನೆಯ ದಿನ ಈಕೆ ಹೇಳಿ ಕಳಿಸಿದ ಉತ್ತರ ನೆನಪಿಗೆ ಬಂತು. ಬಾಯಿವರೆಗೂ ಬಂತು. ಕಿವಿಯ ಅರಳೆ, ಹಿತ್ತಲ ಬಾಗಿಲು, ಹೆರುವವರ ಕೈಯಿಂದ ಕಳಚಿದ ಬಳೆ, ಎಲ್ಲ ಬಂತು. ನನಗೂ ಕೇಳಿಸುವುದಿಲ್ಲ ಅಂದುಬಿಟ್ಟರೆ ಎಷ್ಟು ಹಿತವಾಗುತ್ತದೆ ಅನ್ನಿಸಿತು. ಬೀಗಿತ್ತಿ ತಲೆ ತಗ್ಗಿಸಿ ನಿಂತಿದ್ದಳು, ಅದೇ ಮಾತು ಬರುತ್ತದೆ ಅಂತ ಕಾಯುವವಳ ಹಾಗೆ.

"ಯಾವತ್ತು ನಿಲ್ತೀರೋ ಹಿಂದಿನ ದಿನ ಹೇಳಿ ಕಳಿಸಿ" ಅಂದಳು ಸೂಲಗಿತ್ತಿ. "ನಾನೊಬ್ಬಳು ಬರ್ತೀನಿ. ಇನ್ನಿಬ್ಬರನ್ನ ಹುಡುಕಿಕೊಳ್ಳಿ."